ಗಾಜಿನೊಳಗೆ ಲೇಸರ್‌ನಿಂದ ಬರೆಯೋದು ಅಂದರೆ ಏನು? ಮಗಳು ಇದನ್ನೇ ಓದಬೇಕು ಅಂತಿದ್ದಾಳೆ

ತೋಟದಮನೆ_ಸಿದ್ದಾಪುರ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನಾನು ಇಲ್ಲಿ ಕೇಳಿದ್ದೆಲ್ಲ ಕಾಂಡಕೊರಕ, ಮೆಣಸಿನ ಸೊರಗು ರೋಗ ಇಂಥವೇ. ಇವತ್ತು ಬೇರೆ ವಿಷಯ.

ಮಗಳು ಫಿಸಿಕ್ಸ್ ಎಂಎಸ್ಸಿ ಮುಗಿಸಿದ್ದಾಳೆ. ಹೊರದೇಶದಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್ ಕೂಡ ಇದೆ. ಇನ್‌ಫ್ರಾರೆಡ್ ಬೆಳಕು ಹಾದುಹೋಗುವ ವಿಶೇಷ ಗಾಜುಗಳ ಒಳಗೆ ಲೇಸರ್‌ನಿಂದ ಬೆಳಕಿಗೆ ದಾರಿ ಬರೆಯೋದು, ಇದು ಅವಳ ವಿಷಯ. ಹುತ್ತರಿಗೆ ಮನೆಗೆ ಬಂದಾಗ ಟಾರ್ಚ್, ನೀರಿನ ಲೋಟ ಇಟ್ಟುಕೊಂಡು ಒಂದು ಗಂಟೆ ವಿವರಿಸಿದಳು. ಅರ್ಧ ಅರ್ಥವಾಯಿತು. ಊಟಕ್ಕೆ ಬಂದಿದ್ದ ನೆಂಟರು "ಗಾಜಿಗೆ ಗೆರೆ ಎಳೆಯೋಕೆ ಐದು ವರ್ಷ ಬೇಕಾ?" ಅಂದರು. ಅವಳ ಮುಖ ಸಣ್ಣದಾಯಿತು. ನನಗೂ ಉತ್ತರ ಕೊಡಲು ಆಗಲಿಲ್ಲ, ಅದೇ ಬೇಜಾರು.

ತಿಳಿದವರು ಹೇಳಿ. ಇದು ಏನು ಕೆಲಸ? ಮಾಮೂಲಿ ಗಾಜು ಯಾಕೆ ಆಗುವುದಿಲ್ಲ? ಇದರಲ್ಲಿ ಮಾಡೋಕೆ ಇನ್ನೂ ಏನಾದರೂ ಬಾಕಿ ಇದೆಯಾ, ಎಲ್ಲಾ ಮುಗಿದ ವಿಷಯಾನಾ? ದುಡ್ಡಿನ ಚಿಂತೆ ಇಲ್ಲ. ಮಗಳು ಏನು ಮಾಡ್ತಾಳೆ ಅಂತ ನನಗೆ ಗೊತ್ತಿರಬೇಕು, ಅಷ್ಟೇ.

ಬೋರ್ಡ್‌ಕೆತ್ತನೆ_ಕುಶಾಲನಗರ
ಸಾರ್, ನನ್ನ ಅಂಗಡಿಯಲ್ಲಿ ಸಿಒಟು ಲೇಸರ್ ಮೆಷಿನ್ ಇದೆ. ನೇಮ್‌ಬೋರ್ಡ್, ಮೊಮೆಂಟೊ, ಗಾಜಿನ ಮೇಲೆ ಹೆಸರು, ಎಲ್ಲಾ ಮಾಡುತ್ತೇವೆ. ಒಂದು ಲೋಟದ ಮೇಲೆ ಹೆಸರು ಹಾಕಲು ಎರಡು ನಿಮಿಷ ಸಾಕು. ಹೊಸದೇನಿದೆ ಅಂತ ನನಗೂ ತಿಳಿಯಬೇಕು.

ಫಿಸಿಕ್ಸ್‌ಮೇಡಂ_ವಿರಾಜಪೇಟೆ
ನೀವು ಬರೆಯೋದು ಗಾಜಿನ ಮೇಲೆ. ಆ ಹುಡುಗಿ ಬರೆಯೋದು ಗಾಜಿನ ಒಳಗೆ.

ನಿಮ್ಮ ಮೆಷಿನ್‌ನ ಬೆಳಕಿನ ತರಂಗಾಂತರ 10.6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರಾನ್). ಮಾಮೂಲಿ ಗಾಜಿಗೆ ಅದು ಒಳಗೆ ಬಿಡದ ಬೆಳಕು. ಮೇಲ್ಪದರವೇ ಅದನ್ನು ಹೀರಿಕೊಂಡು ಬಿಸಿಯಾಗಿ ಸಣ್ಣ ಸಣ್ಣ ಚೂರು ಏಳುತ್ತದೆ. ಬಿಳಿ ಅಕ್ಷರ ಕಾಣೋದು ಅದರಿಂದ. ಇಲ್ಲಿ ಬಳಸೋದು ಫೆಮ್ಟೋಸೆಕೆಂಡ್ ಲೇಸರ್, ಅಂದರೆ ತೀರಾ ಚಿಕ್ಕ ಚಿಕ್ಕ ಮಿಡಿತಗಳಾಗಿ (ಪಲ್ಸ್) ಬೆಳಕು ಬಿಡುವಂಥದ್ದು, ಸಾಮಾನ್ಯವಾಗಿ 0.8 ಅಥವಾ 1.03 ಮೈಕ್ರಾನ್. ಆ ಬೆಳಕು ಗಾಜಿನೊಳಗೆ ಸಲೀಸಾಗಿ ಹೋಗುತ್ತದೆ, ಏನೂ ಆಗುವುದಿಲ್ಲ. ಆದರೆ ಲೆನ್ಸ್ ಹಾಕಿ ಒಳಗಿನ ಒಂದೇ ಚುಕ್ಕೆಗೆ ಕೂಡಿಸಿದರೆ, ಅಲ್ಲಿ ಬೆಳಕು ಎಷ್ಟು ದಟ್ಟವಾಗುತ್ತದೆ ಅಂದರೆ ಒಂದು ಎಲೆಕ್ಟ್ರಾನ್ ಒಂದೇ ಸಲಕ್ಕೆ ಹಲವು ಫೋಟಾನ್ (ಬೆಳಕಿನ ಕಣ) ನುಂಗುತ್ತದೆ. ಆ ಚುಕ್ಕೆಯ ಆಚೆಗೆ, ಈಚೆಗೆ ಹಾಗೆ ಆಗುವುದಿಲ್ಲ. ಗಾಜನ್ನು ಮೆಲ್ಲಗೆ ಸರಿಸುತ್ತಾ ಹೋದರೆ ಒಳಗೆ ಒಂದು ಗೆರೆ ಬೀಳುತ್ತದೆ. ಆ ಗೆರೆಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ) ಸುತ್ತಲಿನ ಗಾಜಿಗಿಂತ ಸಾವಿರದಲ್ಲಿ ಕೆಲವು ಪಾಲು ಬೇರೆ. ಬೆಳಕನ್ನು ಹಿಡಿದಿಡಲು ಅಷ್ಟು ಸಾಕು.

ಇದನ್ನು ಮೊದಲು ತೋರಿಸಿದ್ದು 1996ರಲ್ಲಿ, ಜಪಾನಿನಲ್ಲಿ ಹಿರಾವೊ ಅವರ ತಂಡ. ಅಂದರೆ ಇನ್ನೂ ಮೂವತ್ತು ವರ್ಷದ ಆಸುಪಾಸಿನ ವಿದ್ಯೆ. ಇಂಥ ಚಿಕ್ಕ, ಬಲವಾದ ಪಲ್ಸ್ ಮಾಡುವ ಉಪಾಯಕ್ಕೆ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ಎಂಬ ವಿಜ್ಞಾನಿಗಳಿಗೆ 2018ರಲ್ಲಿ ನೊಬೆಲ್ ಬಂತು. ಡೋನಾ ಸ್ಟ್ರಿಕ್‌ಲ್ಯಾಂಡ್ ಆ ಕೆಲಸ ಮಾಡಿದ್ದು ಪಿಎಚ್‌ಡಿ ವಿದ್ಯಾರ್ಥಿನಿಯಾಗಿದ್ದಾಗ, 1985ರಲ್ಲಿ. ನೆಂಟರಿಗೆ ಇದನ್ನು ಖಂಡಿತ ಹೇಳಿ.

ಕರಿಮೆಣಸು_ಅಕ್ಕ
ಮಡಿಕೇರಿ ಅಂಗಡಿಗಳಲ್ಲಿ ಗಾಜಿನ ಕ್ಯೂಬ್ ಒಳಗೆ ಗಣಪತಿ ಇರುತ್ತಲ್ಲ, ಅದೂ ಹೀಗೇನಾ?

ಗಾಜಿನಹುಳ
ಅಕ್ಕ, ಅದು ಇದರ ದೊಡ್ಡಪ್ಪನ ಮಗ ಇದ್ದ ಹಾಗೆ. ನಾನು ನಾಪೋಕ್ಲು ಕಡೆಯವನು, ಇದೇ ಕೆಲಸದಲ್ಲಿ ಏಳು ವರ್ಷದಿಂದ ಇದ್ದೇನೆ, ಸ್ವಲ್ಪ ಹೇಳ್ತೀನಿ.

ಆ ಕ್ಯೂಬ್‌ನಲ್ಲಿರುವ ಒಂದೊಂದು ಚುಕ್ಕೆಯೂ ಒಂದು ಸಣ್ಣ ಬಿರುಕು. ಅದಕ್ಕೆ ನ್ಯಾನೋಸೆಕೆಂಡ್ ಲೇಸರ್ ಸಾಕು. ಬಿರುಕಿಗೆ ಬೆಳಕು ತಾಗಿ ಚೆದುರುತ್ತದೆ, ಅದಕ್ಕೇ ಗಣಪತಿ ಕಾಣುತ್ತಾನೆ. ನಮ್ಮ ಕೆಲಸದಲ್ಲಿ ಬೆಳಕು ಚೆದುರಿದರೆ ನಷ್ಟ. ಒಳ್ಳೆಯ ಗೆರೆ ಬರಿಗಣ್ಣಿಗೆ ಕಾಣೋದೇ ಇಲ್ಲ. ಮೈಕ್ರೋಸ್ಕೋಪ್ ಕೆಳಗೆ ಹುಡುಕಬೇಕು.

ಫೆಮ್ಟೋಸೆಕೆಂಡ್ ಎಷ್ಟು ಚಿಕ್ಕದು ಅಂತ ನೋಡಿ. ಒಂದು ಸೆಕೆಂಡಿನಲ್ಲಿ ಬೆಳಕು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ಫೆಮ್ಟೋಸೆಕೆಂಡಿನಲ್ಲಿ ಓಡೋದು 0.3 ಮೈಕ್ರಾನ್ ಮಾತ್ರ. ಕೂದಲಿನ ದಪ್ಪ ದಾಟಲು ಇನ್ನೂರು ಫೆಮ್ಟೋಸೆಕೆಂಡ್‌ಗಿಂತ ಜಾಸ್ತಿ ಬೇಕು. ನಮ್ಮ ಪಲ್ಸ್‌ಗಳು ಸುಮಾರು 100ರಿಂದ 300 ಫೆಮ್ಟೋಸೆಕೆಂಡ್. ಎಲೆಕ್ಟ್ರಾನ್ ತಾನು ನುಂಗಿದ ಶಕ್ತಿಯನ್ನು ಗಾಜಿಗೆ ದಾಟಿಸುವಷ್ಟರಲ್ಲಿ ಪಲ್ಸ್ ಮುಗಿದೇ ಹೋಗಿರುತ್ತದೆ. ಹಾಗಾಗಿ ಬಿಸಿ ಸುತ್ತಮುತ್ತ ಹರಡಿ ಗಾಜು ಒಡೆಯುವ ಭಯ ಕಡಿಮೆ.

ಬೋರ್ಡ್‌ಕೆತ್ತನೆ_ಕುಶಾಲನಗರ
ಈಗ ಗೊತ್ತಾಯಿತು. ನನ್ನ ಮೆಷಿನ್‌ನಲ್ಲಿ ಲೆನ್ಸ್ ಹಳದಿ ಬಣ್ಣದ್ದು, ಜಿಂಕ್ ಸೆಲೆನೈಡ್ ಅಂತಾರೆ. ಗಾಜಿನ ಲೆನ್ಸ್ ಯಾಕೆ ಹಾಕಲ್ಲ ಅಂತ ಯಾವತ್ತೂ ಯೋಚಿಸಿರಲಿಲ್ಲ. ಗಾಜು ಆ ಬೆಳಕನ್ನು ಬಿಡೋದೇ ಇಲ್ಲ ಅಲ್ವಾ!

ಗಾಜಿನಹುಳ
ಸರಿಯಾಗಿ ಹಿಡಿದಿರಿ ಅಣ್ಣ. ತೋಟದಮನೆ ಅಂಕಲ್ ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ನಿಮ್ಮ ಲೆನ್ಸ್‌ನಲ್ಲೇ ಇದೆ. ಸಿಲಿಕಾ, ಅಂದರೆ ಮರಳಿನಿಂದ ಮಾಡುವ ಗಾಜು, ಸುಮಾರು 3.5 ಮೈಕ್ರಾನ್ ದಾಟಿದ ಮೇಲೆ ಕತ್ತಲೆ. ಅದರಾಚೆಗೆ ಬೇರೆ ಗಾಜು ಬೇಕು. ಒಂದು ಬಗೆ ಫ್ಲೋರೈಡ್ ಗಾಜು. ಅದರಲ್ಲಿ ಹೆಸರಾದದ್ದು ಝಡ್‌ಬ್ಲಾನ್: ಜಿರ್ಕೋನಿಯಂ, ಬೇರಿಯಂ, ಲ್ಯಾಂಥನಂ, ಅಲ್ಯೂಮಿನಿಯಂ, ಸೋಡಿಯಂ ಇವುಗಳ ಫ್ಲೋರೈಡ್ ಸೇರಿಸಿ ಮಾಡಿದ್ದು. ಅದರ ಫೈಬರ್ ಸುಮಾರು 4 ಮೈಕ್ರಾನ್ ವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನೊಂದು ಬಗೆ ಚಾಲ್ಕೋಜೆನೈಡ್, ಅಂದರೆ ಆಕ್ಸಿಜನ್ ಜಾಗದಲ್ಲಿ ಗಂಧಕ, ಸೆಲೇನಿಯಂ ಅಥವಾ ಟೆಲ್ಲೂರಿಯಂ. ಗಂಧಕದ್ದು ಸುಮಾರು 10 ಮೈಕ್ರಾನ್, ಸೆಲೇನಿಯಂದು 14-15, ಟೆಲ್ಲೂರಿಯಂದು 20ರ ಹತ್ತಿರದವರೆಗೂ ಬಿಡುತ್ತದೆ. ಪರಮಾಣು ಭಾರವಾದಷ್ಟೂ ಅದರ ಕುಲುಕಾಟ ನಿಧಾನ. ಕುಲುಕಾಟ ನಿಧಾನವಾದಷ್ಟೂ ಗಾಜು ಉದ್ದ ತರಂಗವನ್ನು ಹೀರದೆ ಬಿಡುತ್ತದೆ.

ಫ್ಲೋರೈಡ್ ಗಾಜು ಸಿಕ್ಕಿದ್ದೇ ಆಕಸ್ಮಿಕ. 1974ರ ಹೊತ್ತಿಗೆ ಫ್ರಾನ್ಸಿನ ರೆನ್ ಯೂನಿವರ್ಸಿಟಿಯಲ್ಲಿ ಪುಲಾಂ ಸಹೋದರರು ಹರಳು ಮಾಡಲು ಹೋದಾಗ ಕೈಗೆ ಬಂದದ್ದು ಗಾಜು.

ಸೋಮವಾರಪೇಟೆ_ಪುಟ್ಟ
ಅಣ್ಣ, 3.5 ಮೈಕ್ರಾನ್ ಆಚೆಗಿನ ಬೆಳಕು ಯಾರಿಗೆ ಬೇಕು? ಕಣ್ಣಿಗೆ ಕಾಣಲ್ಲವಲ್ಲ.

ಫಿಸಿಕ್ಸ್‌ಮೇಡಂ_ವಿರಾಜಪೇಟೆ
ಪುಟ್ಟ, ಗಾಳಿಯಲ್ಲಿ ಏನಿದೆ ಅಂತ ಹೇಳೋದು ಆ ಬೆಳಕು. ಒಂದೊಂದು ಅನಿಲ ಒಂದೊಂದು ಜಾಗದಲ್ಲಿ ಬೆಳಕು ಹೀರುತ್ತದೆ. ಮೀಥೇನ್ 3.3 ಮೈಕ್ರಾನ್‌ನಲ್ಲಿ, ಕಾರ್ಬನ್ ಡೈಆಕ್ಸೈಡ್ 4.26ರಲ್ಲಿ, ಕಾರ್ಬನ್ ಮೊನಾಕ್ಸೈಡ್ 4.6ರ ಹತ್ತಿರ, ಅಮೋನಿಯಾ 10.5ರ ಸುತ್ತ. ಅದು ಅವುಗಳ ಬೆರಳಚ್ಚು. ಇನ್ನು ನಿನ್ನ ಮೈಯೇ ಬೆಳಗುತ್ತಿದೆ. 37 ಡಿಗ್ರಿ ಬಿಸಿ ಇರುವ ಯಾವ ವಸ್ತುವೂ ಅತಿ ಹೆಚ್ಚು ಬೆಳಕು ಚೆಲ್ಲುವುದು ಸುಮಾರು 9.3 ಮೈಕ್ರಾನ್‌ನಲ್ಲಿ.

ಆನೆಕಾವಲು
ಮೇಡಂ ಹೇಳಿದ ಕೊನೆಯ ಮಾತು ನಾನು ಕಣ್ಣಾರೆ ಕಂಡಿದ್ದೇನೆ. ರಾತ್ರಿ ತೋಟಕ್ಕೆ ಆನೆ ಬಂದಾಗ ಥರ್ಮಲ್ ಕ್ಯಾಮೆರಾ ಹಿಡಿದು ಹೋಗ್ತೇವೆ. ಮೊದಲ ಸಲ ಜೀಪ್ ಒಳಗೆ ಕೂತು ಕಿಟಕಿ ಗಾಜು ಏರಿಸಿಕೊಂಡೇ ನೋಡಿದೆ. ಆನೆ ಕಾಣಲಿಲ್ಲ. ನನ್ನದೇ ಮುಖದ ಬಿಸಿ ಗಾಜಿನಲ್ಲಿ ಕಂಡಿತು! ಗಾಜು ಇಳಿಸಿದ ಮೇಲೆ ನೋಡಿದರೆ ಮೂರು ಆನೆ, ಒಂದು ಮರಿ, ನಲವತ್ತು ಅಡಿ ದೂರದಲ್ಲಿ ಹಲಸಿನ ಮರದ ಕೆಳಗೆ. ಆ ರಾತ್ರಿ ಮರೆಯೋಕೆ ಆಗಲ್ಲ.

ಕಪ್ಪು ಪ್ಲಾಸ್ಟಿಕ್ ಕವರ್ ಅಡ್ಡ ಹಿಡಿದರೆ ಮಾತ್ರ ಕ್ಯಾಮೆರಾಕ್ಕೆ ಎಲ್ಲಾ ಕಾಣುತ್ತದೆ. ಕಣ್ಣಿಗೆ ಪೂರ್ತಿ ಉಲ್ಟಾ.

ಕರಿಮೆಣಸು_ಅಕ್ಕ
ಹಾಗಾದರೆ ಮಂಜಿನಲ್ಲೂ ಆನೆ ಕಾಣುತ್ತಾ? ನಮ್ಮ ಕಡೆ ಜುಲೈನಲ್ಲಿ ಹತ್ತು ಅಡಿ ಮುಂದೆ ಏನೂ ಕಾಣಲ್ಲ.

ಬೋರ್ಡ್‌ಕೆತ್ತನೆ_ಕುಶಾಲನಗರ
ಕಾಣುತ್ತದೆ ಅಕ್ಕ, ಇನ್‌ಫ್ರಾರೆಡ್ ಮಂಜನ್ನೂ ದಾಟುತ್ತದೆ.

ಆನೆಕಾವಲು
ಇಲ್ಲ ಅಣ್ಣ, ಆ ಮಾತು ನಂಬಿ ಯಾರೂ ರಾತ್ರಿ ಹೊರಡಬೇಡಿ. ತೆಳು ಮಂಜಾದರೆ ಕಣ್ಣಿಗಿಂತ ಚೆನ್ನಾಗಿ ಕಾಣುತ್ತದೆ. ದಟ್ಟ ಮಂಜಿನಲ್ಲಿ ಕ್ಯಾಮೆರಾ ಕೂಡ ಸೋಲುತ್ತದೆ.

ಗಾಜಿನಹುಳ
ಅದೇ ಸರಿ. ದಟ್ಟ ಮಂಜಿನ ಹನಿಗಳು ಹತ್ತು ಮೈಕ್ರಾನ್ ಆಸುಪಾಸು ಇರುತ್ತವೆ. ಬೆಳಕಿನ ತರಂಗವೂ ಅಷ್ಟೇ ಉದ್ದ. ಆಗ ಚೆದುರೋದು ಜಾಸ್ತಿ.

ಆ ಕ್ಯಾಮೆರಾದ ಲೆನ್ಸ್ ಸಾಮಾನ್ಯವಾಗಿ ಜರ್ಮೇನಿಯಂ ಹರಳು, ಇಲ್ಲದಿದ್ದರೆ ಚಾಲ್ಕೋಜೆನೈಡ್ ಗಾಜು. 2023ರಲ್ಲಿ ಚೀನಾ ಜರ್ಮೇನಿಯಂ ರಫ್ತಿಗೆ ಕಡಿವಾಣ ಹಾಕಿದ ಮೇಲೆ ಗಾಜಿನ ಕಡೆ ಎಲ್ಲರ ಗಮನ ಜಾಸ್ತಿ ಆಗಿದೆ. ಗಾಜನ್ನು ಬಿಸಿ ಮಾಡಿ ಅಚ್ಚಿಗೆ ಒತ್ತಿ ಲೆನ್ಸ್ ಮಾಡಬಹುದು. ಹರಳನ್ನು ಹಾಗೆ ಒತ್ತೋಕೆ ಆಗಲ್ಲ, ಕಡೆದೇ ತೆಗೆಯಬೇಕು.

ಬಣ್ಣದಪೆಟ್ಟಿಗೆ_ಸಂಪಾಜೆ
ಗಂಧಕದ ಗಾಜು ಅಂದಿರಿ. ಅದು ಯಾವ ಬಣ್ಣ?

ಗಾಜಿನಹುಳ
ಆರ್ಸೆನಿಕ್ ಮತ್ತು ಗಂಧಕ ಸೇರಿದ್ದು ಕಿತ್ತಳೆ ಕೆಂಪು. ಸೆಲೇನಿಯಂ ಹಾಕಿದ್ದು ಕಪ್ಪಗೆ ಕಾಣುತ್ತದೆ. ಝಡ್‌ಬ್ಲಾನ್ ಮಾಮೂಲಿ ಗಾಜಿನ ಹಾಗೆ ಬಣ್ಣ ಇಲ್ಲದ್ದು.

ಬಣ್ಣದಪೆಟ್ಟಿಗೆ_ಸಂಪಾಜೆ
ಹಾಗಾದರೆ ಅದು ನಮ್ಮ ಅರದಾಳ! ಯಕ್ಷಗಾನದ ಹಳೇ ಬಣ್ಣದ ಪೆಟ್ಟಿಗೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಇರುತ್ತಿತ್ತು. ಅರದಾಳ ಅಂದರೆ ಆರ್ಸೆನಿಕ್ ಮತ್ತು ಗಂಧಕ ಅಂತ ಕೇಳಿದ್ದೆ. ನಮ್ಮ ಅಜ್ಜ ಅದನ್ನು ಅರೆದು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದರು.

ಫಿಸಿಕ್ಸ್‌ಮೇಡಂ_ವಿರಾಜಪೇಟೆ
ಹೌದು, ಒಂದೇ ಸಂಯುಕ್ತ. ಎರಡು ಆರ್ಸೆನಿಕ್‌ಗೆ ಮೂರು ಗಂಧಕ. ಅರದಾಳದಲ್ಲಿ ಹರಳಾಗಿ ಇರುತ್ತದೆ, ಇಲ್ಲಿ ಕರಗಿಸಿ ಗಾಜು ಮಾಡಿರುತ್ತಾರೆ. ನನಗೇ ಇದು ಹೊಳೆದಿರಲಿಲ್ಲ, ನಾಳೆ ಕ್ಲಾಸಿನಲ್ಲಿ ಹೇಳ್ತೀನಿ.

ತೋಟದಮನೆ_ಸಿದ್ದಾಪುರ
ಆರ್ಸೆನಿಕ್ ಅಂದರೆ ವಿಷ ಅಲ್ವಾ? ಮನೆಯವಳು ಪಕ್ಕದಲ್ಲೇ ಕೂತು ಓದ್ತಿದ್ದಾಳೆ. ಅವಳಿಗೆ ಗಾಬರಿ ಆಗಿದೆ.

ಗಾಜಿನಹುಳ
ಆಂಟಿಗೆ ಹೇಳಿ, ಗಾಬರಿ ಬೇಡ, ಎಚ್ಚರ ಬೇಕು. ಗಟ್ಟಿ ಗಾಜಿನ ತುಂಡು ಕೈಯಲ್ಲಿ ಹಿಡಿದರೆ ಏನೂ ಆಗಲ್ಲ. ಅಪಾಯ ಇರೋದು ಕತ್ತರಿಸುವಾಗ, ಪಾಲಿಶ್ ಮಾಡುವಾಗ ಏಳುವ ಧೂಳಿನಲ್ಲಿ, ಬಿಸಿ ಜಾಸ್ತಿಯಾದಾಗ ಬರುವ ಹೊಗೆಯಲ್ಲಿ. ಹಾಗಾಗಿ ನೀರು ಹಾಕಿಕೊಂಡೇ ಪಾಲಿಶ್ ಮಾಡ್ತೇವೆ, ಗ್ಲೌಸ್ ಹಾಕ್ತೇವೆ, ಧೂಳು, ತ್ಯಾಜ್ಯ ಬೇರೆ ಡಬ್ಬಿಯಲ್ಲಿ ಹೋಗುತ್ತದೆ. ನನ್ನ ಕೇಳಿದರೆ ಲೇಸರ್‌ಗೇ ಹೆಚ್ಚು ಹೆದರಬೇಕು. ಆ ಕಿರಣ ಕಣ್ಣಿಗೆ ಬಿದ್ದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಕನ್ನಡಕ ಹಾಕದೆ ಲ್ಯಾಬಿಗೆ ಕಾಲಿಡಬಾರದು, ಉಂಗುರ, ವಾಚ್ ತೆಗೆದಿಡಬೇಕು. ಇದನ್ನು ಮಗಳಿಗೆ ದಿನಾ ನೆನಪಿಸಿ.

ನೇರಮಾತು
ಎಲ್ಲರೂ ಖುಷಿಯಿಂದ ಹೇಳ್ತಿದ್ದೀರಿ, ನಾನು ಒಂದು ಮಾತು ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಜಿಲ್ಲೆಯಿಂದ ಓದಿದ ಮಕ್ಕಳೆಲ್ಲ ಹೊರಗೆ ಹೋಗ್ತಾರೆ, ವಾಪಸ್ ಬರಲ್ಲ. ತೋಟ ನೋಡೋರಿಲ್ಲ. ಇಲ್ಲಿಗೆ ಬೇಕಿರೋದು ಡಾಕ್ಟರು, ಕೃಷಿ ವಿಜ್ಞಾನಿ. ಇನ್‌ಫ್ರಾರೆಡ್ ಗಾಜಿನಿಂದ ಕೊಡಗಿಗೆ ಏನು ಸಿಗುತ್ತದೆ?

ಆನೆಕಾವಲು
ಜೀವ ಸಿಗುತ್ತದೆ. ಆ ರಾತ್ರಿ ಕ್ಯಾಮೆರಾ ಇಲ್ಲದಿದ್ದರೆ ನಾನು ಹಲಸಿನ ಮರದ ಕಡೆಗೇ ನಡೆದು ಹೋಗ್ತಿದ್ದೆ.

ನೇರಮಾತು
ಕ್ಯಾಮೆರಾ ಸರಿ. ಅದರಲ್ಲಿ ಇರೋದು ಲೆನ್ಸ್. ಗಾಜಿನೊಳಗೆ ಗೆರೆ ಬರೆಯೋದು ಅದಕ್ಕೆ ಬೇಕಾಗಿಲ್ಲವಲ್ಲ.

ಗಾಜಿನಹುಳ
ನಿಮ್ಮ ಮಾತು ನಿಜ. ಲೆನ್ಸಿಗೆ ಗೆರೆ ಬೇಡ. ಗೆರೆ ಬೇಕಾಗೋದು ಬೆಳಕನ್ನು ಹಿಡಿದು, ತಿರುಗಿಸಿ, ಎರಡಾಗಿ ಒಡೆದು, ಮತ್ತೆ ಕೂಡಿಸಬೇಕಾದಾಗ. ಟೇಬಲ್ ತುಂಬ ಕನ್ನಡಿ, ಲೆನ್ಸ್ ಹರಡಿಕೊಂಡು ಮಾಡುವ ಕೆಲಸ ಬೆರಳುಗಾತ್ರದ ಗಾಜಿನ ತುಂಡಿನೊಳಗೆ ಹೋಗುತ್ತದೆ. ಯಾರೋ ಟೇಬಲ್ ತಾಗಿಸಿದರೆ ಎಲ್ಲಾ ಕದಲಿತು ಅನ್ನುವ ಭಯ ಇಲ್ಲ.

ಕಾಫಿ ಪಲ್ಪಿಂಗ್ ನೀರಿನ ಗುಂಡಿಯಿಂದ ಮೀಥೇನ್ ಏಳುತ್ತದೆ. ಅದನ್ನು ತೀರಾ ಕಡಿಮೆ ಪ್ರಮಾಣದಲ್ಲೂ ಅಳೆಯಬೇಕಾದರೆ 3.3 ಮೈಕ್ರಾನ್ ಬೆಳಕು ಒಳ್ಳೆಯದು. ಈಗಲೇ ಎಲ್ಲಾ ತೋಟಕ್ಕೂ ಬರುತ್ತದೆ ಅಂತ ನಾನು ಹೇಳಲ್ಲ. ಕಾರ್ಬನ್ ಡೈಆಕ್ಸೈಡ್ ಅಳೆಯುವ ಅಗ್ಗದ ಸೆನ್ಸರ್ ಈಗಾಗಲೇ ಇದೆ, ಒಂದು ಪುಟ್ಟ ಬಲ್ಬ್, ಒಂದು ಫಿಲ್ಟರ್, ಅಷ್ಟೇ. ಅದಕ್ಕೆ ಈ ವಿದ್ಯೆ ಬೇಕಿಲ್ಲ. ಅದಕ್ಕಿಂತ ಸೂಕ್ಷ್ಮವಾಗಿ ಅಳೆಯಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ.

ಹಟ್ಟಿಹೊಳೆ_ಹುಡುಗ
2018ರ ಆಗಸ್ಟ್‌ನಲ್ಲಿ ನಮ್ಮ ಊರಿನ ಗುಡ್ಡ ಕುಸಿಯಿತು. ಮುಕ್ಕೋಡ್ಲು, ಮಕ್ಕಂದೂರು, ಜೋಡುಪಾಲ ಎಲ್ಲಾ ಕಡೆ. ಫೈಬರ್ ಒಳಗೆ ಗ್ರೇಟಿಂಗ್ (ಸಮ ಅಂತರದ ಸಾಲು ಗೆರೆಗಳು) ಬರೆದು ಗುಡ್ಡದಲ್ಲಿ ಹೂತರೆ ಮಣ್ಣು ಜರುಗೋದು ಮೊದಲೇ ಗೊತ್ತಾಗುತ್ತದೆ ಅಂತ ಓದಿದ್ದೇನೆ. ಈ ಇನ್‌ಫ್ರಾರೆಡ್ ಗಾಜಿನಲ್ಲಿ ಬರೆದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತಾ? ನಮಗೆ ಬೇಕಾಗಿರೋದು ಅದು.

ಗಾಜಿನಹುಳ
ತಮ್ಮ, ನೀನು ಓದಿದ್ದು ಸರಿ. ಆದರೆ ಗುಡ್ಡಕ್ಕೆ ವಿಶೇಷ ಗಾಜು ಬೇಡವೇ ಬೇಡ. ಮಾಮೂಲಿ ಸಿಲಿಕಾ ಫೈಬರ್ ಸಾಕು, ಅದೇ ಗಟ್ಟಿ, ಅದೇ ಅಗ್ಗ. ಫೈಬರ್ ಎಳೆದುಕೊಂಡಾಗ ಗ್ರೇಟಿಂಗ್‌ನ ಗೆರೆಗಳ ನಡುವಿನ ಅಂತರ ಬದಲಾಗುತ್ತದೆ. ಆಗ ವಾಪಸ್ ಬರುವ ಬೆಳಕಿನ ತರಂಗಾಂತರ ಬದಲಾಗುತ್ತದೆ. ಅದನ್ನು ನೋಡಿ ಎಷ್ಟು ಎಳೆದಿದೆ ಅಂತ ಲೆಕ್ಕ ಹಾಕಬಹುದು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಇಂಥ ಗ್ರೇಟಿಂಗ್ ಸೆನ್ಸರ್ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ, ಚಾಲ್ಕೋಜೆನೈಡ್ ಗಾಜಿನ ಮೇಲೂ ನಡೆದಿದೆ. ಕೋಲ್ಕತ್ತದ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಸಿಜಿಸಿಆರ್‌ಐನಲ್ಲಿ ವಿಶೇಷ ಗಾಜು, ಫೈಬರ್ ಎರಡನ್ನೂ ಮಾಡ್ತಾರೆ. ಈ ಓದು ಓದಿದವರು ದೇಶಕ್ಕೆ ವಾಪಸ್ ಬಂದರೆ ಕೂರಲು ಜಾಗ ಇದೆ ಅಂತ ನೇರಮಾತು ಅಣ್ಣನಿಗೂ ಹೇಳ್ತಿದ್ದೇನೆ.

ಹಟ್ಟಿಹೊಳೆ_ಹುಡುಗ
ಸರಿ ಅಣ್ಣ. ಸಾದಾ ಫೈಬರ್ ಸಾಕು ಅಂತ ಗೊತ್ತಾಗಿದ್ದೇ ಒಳ್ಳೇದಾಯಿತು. ನಮ್ಮ ಗುಡ್ಡದ ಮೇಲೆ ಈಗಲೂ ಬಿರುಕು ಇದೆ. ಮಳೆ ಜೋರಾದರೆ ಅಮ್ಮ ಮಲಗೋದೇ ಇಲ್ಲ.

ಕೇಬಲ್‌ಮಾವ
ನಾನು ಮೂವತ್ತು ವರ್ಷ ಟೆಲಿಫೋನ್ ಕೇಬಲ್ ಜೋಡಿಸಿದವನು. ಫೈಬರ್ ಅಂದರೆ ನಷ್ಟದ ಲೆಕ್ಕ. 1.55 ಮೈಕ್ರಾನ್‌ನಲ್ಲಿ ಒಂದು ಕಿಲೋಮೀಟರಿಗೆ 0.2 ಡೆಸಿಬೆಲ್. ಜಾಯಿಂಟ್ ಕೆಟ್ಟು 0.1 ಹೋದರೂ ಮೇಲಿನವರು ಪುನಃ ಮಾಡಿಸ್ತಿದ್ದರು. ನಿಮ್ಮ ಗಾಜಿನ ಗೆರೆಯಲ್ಲಿ ನಷ್ಟ ಎಷ್ಟು?

ಗಾಜಿನಹುಳ
ಮಾವ, ಸೆಂಟಿಮೀಟರಿಗೆ 0.1ರಿಂದ 0.3 ಡೆಸಿಬೆಲ್ ಬಂದರೆ ನಾವು ಒಳ್ಳೆಯ ಗೆರೆ ಅಂತೇವೆ.

ಕೇಬಲ್‌ಮಾವ
ಸೆಂಟಿಮೀಟರಿಗಾ? ಕಿಲೋಮೀಟರಿಗೆ ಲಕ್ಷ ಸೆಂಟಿಮೀಟರ್ ಇದೆ ಮಗ. ಅಂದರೆ ಲಕ್ಷ ಪಟ್ಟು ಕೆಟ್ಟದು. ಇದನ್ನು ಹೇಗೆ ಒಪ್ಪೋದು?

ಗಾಜಿನಹುಳ
ನಿಮ್ಮ ಲೆಕ್ಕ ಸರಿ. ಆದರೆ ನಮ್ಮ ಗೆರೆ ಮಡಿಕೇರಿಯಿಂದ ಮೈಸೂರಿಗೆ ಹೋಗಬೇಕಾಗಿಲ್ಲ. ಎರಡು ಮೂರು ಸೆಂಟಿಮೀಟರ್ ಅಷ್ಟೇ. ಅಷ್ಟರಲ್ಲಿ ಹೋಗುವ ಬೆಳಕು ತಾಳಿಕೊಳ್ಳಬಹುದು. ಆದರೂ ನಷ್ಟ ಕಡಿಮೆ ಮಾಡೋದು ದೊಡ್ಡ ಕೆಲಸ, ಅದು ಮುಗಿದಿಲ್ಲ. ಅಂಕಲ್ ಕೇಳಿದ ಮೂರನೇ ಪ್ರಶ್ನೆಗೆ ಇಲ್ಲಿಂದಲೇ ಶುರು ಮಾಡ್ತೀನಿ. ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಒಂದು ಗಾಜಿಗೆ ಕಲಿತ ವಿದ್ಯೆ ಇನ್ನೊಂದು ಗಾಜಿಗೆ ನಡೆಯಲ್ಲ. ಸಿಲಿಕಾದಲ್ಲಿ ಲೇಸರ್ ಬಿದ್ದ ಜಾಗದ ಸೂಚ್ಯಂಕ ಏರುತ್ತದೆ, ಹಾಗಾಗಿ ಆ ಗೆರೆಯಲ್ಲೇ ಬೆಳಕು ಹೋಗುತ್ತದೆ. ಝಡ್‌ಬ್ಲಾನ್‌ನಲ್ಲಿ ಬಹಳ ಸಲ ಇಳಿಯುತ್ತದೆ. ಗೆರೆ ಬೆಳಕನ್ನು ಹಿಡಿಯೋ ಬದಲು ಹೊರಗೆ ದೂಡುತ್ತದೆ. ಮೊದಲ ಸಲ ನೋಡಿದಾಗ ಎಲ್ಲಾ ವ್ಯರ್ಥ ಅನ್ನಿಸುತ್ತದೆ. ಅದಕ್ಕೆ ಮಾಡಿದ ಉಪಾಯ ನಮ್ಮ ಗದ್ದೆಯದ್ದೇ. ನೀರು ನಿಲ್ಲಿಸಬೇಕಾದರೆ ಸುತ್ತ ಬದು ಹಾಕಲ್ವಾ, ಹಾಗೆ ನಡುವಿನ ಗಾಜನ್ನು ಮುಟ್ಟದೆ ಬಿಟ್ಟು, ಸುತ್ತಲೂ ಹತ್ತಾರು ಗೆರೆ ಉಂಗುರದ ಹಾಗೆ ಎಳೀತಾರೆ. ಬೆಳಕು ಬದುವಿನೊಳಗೆ ಉಳಿಯುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್ ಮತ್ತು ಸಿಡ್ನಿಯ ಮ್ಯಾಕ್ವಾರಿ ಯೂನಿವರ್ಸಿಟಿಯವರು ಸೇರಿ 2011ರಲ್ಲಿ ಥೂಲಿಯಂ ಬೆರೆಸಿದ ಝಡ್‌ಬ್ಲಾನ್‌ನಲ್ಲಿ ಹೀಗೆ ಬರೆದು ಅದರಿಂದಲೇ ಲೇಸರ್ ಮಾಡಿ ತೋರಿಸಿದರು. ನಡುವಿನ ಗಾಜಿಗೆ ಪೆಟ್ಟು ಬಿದ್ದಿರಲ್ಲ, ಅದೇ ಇದರ ಚೆಂದ.

ಇನ್ನು ಚಾಲ್ಕೋಜೆನೈಡ್. 0.8 ಮೈಕ್ರಾನ್ ಬೆಳಕಿನ ಒಂದು ಫೋಟಾನ್‌ನಲ್ಲಿ 1.55 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ. ಸಿಲಿಕಾದ ಎಲೆಕ್ಟ್ರಾನ್ ಎಬ್ಬಿಸಲು ಸುಮಾರು 9 ಬೇಕು, ಅಂದರೆ ಆರು ಫೋಟಾನ್ ಒಟ್ಟಿಗೆ. ಆರ್ಸೆನಿಕ್ ಸಲ್ಫೈಡ್‌ಗೆ 2.4 ಸಾಕು, ಎರಡೇ ಫೋಟಾನ್. ಸುಲಭ ಆಯಿತಲ್ಲ ಅಂದ್ಕೋಬೇಡಿ. ಅಷ್ಟು ಸುಲಭವಾಗಿ ಹೀರಿದರೆ ಚುಕ್ಕೆ ತಲುಪುವ ಮೊದಲೇ ದಾರಿಯಲ್ಲೇ ಶಕ್ತಿ ಹೋಗುತ್ತದೆ. ಜೊತೆಗೆ ಈ ಗಾಜಿನಲ್ಲಿ ಬೆಳಕು ತನ್ನನ್ನು ತಾನೇ ಕೂಡಿಸಿಕೊಳ್ಳುವ ಗುಣ ಸಿಲಿಕಾಗಿಂತ ನೂರು ಪಟ್ಟಿಗೂ ಜಾಸ್ತಿ. ಸ್ವಲ್ಪ ಶಕ್ತಿ ಹೆಚ್ಚಾದರೆ ಚುಕ್ಕೆ ಹೋಗಿ ಉದ್ದ ದಾರ ಆಗುತ್ತದೆ. ಸೂಚ್ಯಂಕ 2.4, ಹಾಗಾಗಿ ಆಳಕ್ಕೆ ಹೋದಷ್ಟೂ ಲೆನ್ಸ್ ಹಿಡಿತ ತಪ್ಪಿ ಚುಕ್ಕೆ ಇನ್ನಷ್ಟು ಹಿಗ್ಗುತ್ತದೆ. ಪಲ್ಸ್ ಉದ್ದ ಮಾಡೋದು, ತರಂಗಾಂತರ ಬದಲಿಸೋದು, ಒಂದೇ ಗೆರೆ ಬದಲು ಪಕ್ಕಪಕ್ಕ ಇಪ್ಪತ್ತು ಗೆರೆ ಎಳೆದು ಚೌಕ ಮಾಡೋದು, ಹೀಗೆ ಒಂದೊಂದೇ ಉಪಾಯ ಹುಡುಕಬೇಕು. ನನ್ನ ಮೊದಲ ಎಂಟು ತಿಂಗಳು ಇದರಲ್ಲೇ ಹೋಯಿತು. ಒಂದೂ ಗೆರೆಯಲ್ಲಿ ಬೆಳಕು ಹೋಗಲಿಲ್ಲ. ಒಂಬತ್ತನೇ ತಿಂಗಳು ಒಂದು ರಾತ್ರಿ ಗಾಜಿನ ಆ ತುದಿಯಲ್ಲಿ ದುಂಡಗೆ ಒಂದು ಚುಕ್ಕೆ ಬೆಳಗಿತು. ಲ್ಯಾಬಿನಲ್ಲಿ ಒಬ್ಬನೇ ಇದ್ದೆ. ಅಮ್ಮನಿಗೆ ಫೋನ್ ಮಾಡಿ ಎಬ್ಬಿಸಿದೆ.

ಕೇಬಲ್‌ಮಾವ
ಈಗ ಒಪ್ಪಿದೆ ಮಗ. ನಾನು ಮೊದಲ ಸಲ ಫೈಬರ್ ಜೋಡಿಸಿ ಆ ಕಡೆಯಿಂದ ಸಿಗ್ನಲ್ ಬಂದ ದಿನ ನನಗೂ ಹಾಗೇ ಆಗಿತ್ತು. ಇನ್ನೊಂದು ಕೇಳಬೇಕು. ಝಡ್‌ಬ್ಲಾನ್ ಅನ್ನು ನಮ್ಮ ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಜೋಡಿಸಬಹುದಾ?

ಗಾಜಿನಹುಳ
ಮಾಮೂಲಿ ಸೆಟ್ಟಿಂಗ್‌ನಲ್ಲಿ ಇಟ್ಟರೆ ಕರಗಿ ಹೋಗುತ್ತದೆ ಮಾವ. ಸಿಲಿಕಾ ಮೆತ್ತಗಾಗಲು ಸಾವಿರಕ್ಕೂ ಜಾಸ್ತಿ ಡಿಗ್ರಿ ಬೇಕು. ಝಡ್‌ಬ್ಲಾನ್ ಸುಮಾರು 260 ಡಿಗ್ರಿಗೇ ಸಡಿಲ ಆಗೋಕೆ ಶುರು. ಆರ್ಸೆನಿಕ್ ಸಲ್ಫೈಡ್ 200ರ ಆಸುಪಾಸು.

ಸೋಮವಾರಪೇಟೆ_ಪುಟ್ಟ
ಗ್ರೇಟಿಂಗ್ ಬರೆಯೋಕೆ ಎಷ್ಟು ಹೊತ್ತು ಬೇಕು ಅಣ್ಣ?

ಫಿಸಿಕ್ಸ್‌ಮೇಡಂ_ವಿರಾಜಪೇಟೆ
ನೀನೇ ಲೆಕ್ಕ ಹಾಕು ಪುಟ್ಟ. ಬ್ರ್ಯಾಗ್ ನಿಯಮ ಪಿಯುಸಿಯಲ್ಲಿ ಓದಿದ್ದೀಯ. 2.8 ಮೈಕ್ರಾನ್ ಬೆಳಕನ್ನು ವಾಪಸ್ ಕಳಿಸಬೇಕು, ಝಡ್‌ಬ್ಲಾನ್ ಸೂಚ್ಯಂಕ 1.48 ಅಂತ ಇಟ್ಟುಕೋ. ತರಂಗಾಂತರವನ್ನು ಸೂಚ್ಯಂಕದ ಎರಡರಷ್ಟರಿಂದ ಭಾಗಿಸು.

ಸೋಮವಾರಪೇಟೆ_ಪುಟ್ಟ
0.946 ಮೈಕ್ರಾನ್ ಬಂತು ಮೇಡಂ. ಹಾಗಾದರೆ ಒಂದು ಸೆಂಟಿಮೀಟರ್‌ನಲ್ಲಿ 10,500ಕ್ಕೂ ಜಾಸ್ತಿ ಚುಕ್ಕೆ!

ಗಾಜಿನಹುಳ
ಭೇಷ್. ಸೆಕೆಂಡಿಗೆ ಸಾವಿರ ಪಲ್ಸ್ ಬಿಡುವ ಲೇಸರ್, ಒಂದು ಪಲ್ಸ್‌ಗೆ ಒಂದು ಚುಕ್ಕೆ ಅಂದರೆ ಹತ್ತು ಹನ್ನೊಂದು ಸೆಕೆಂಡ್ ಸಾಕು. ಆದರೆ ಆ ಹತ್ತು ಸೆಕೆಂಡಿಗೆ ತಯಾರಿ ಮಾಡೋಕೆ ವಾರಗಟ್ಟಲೆ ಬೇಕು. ಕೆನಡಾದ ಲಾವಲ್ ಯೂನಿವರ್ಸಿಟಿಯವರು 2007ರಲ್ಲಿ ಝಡ್‌ಬ್ಲಾನ್ ಫೈಬರ್‌ನಲ್ಲಿ ಫೆಮ್ಟೋಸೆಕೆಂಡ್ ಲೇಸರ್‌ನಿಂದ ಗ್ರೇಟಿಂಗ್ ಬರೆದರು. ಅವರು ಮಾಡಿದ್ದು ಬೇರೆ ವಿಧಾನದಲ್ಲಿ, ಗೆರೆಗಳನ್ನು ಒಟ್ಟಿಗೆ ಮೂಡಿಸುವ ಮಾಸ್ಕ್ ಅಡ್ಡ ಇಟ್ಟು. ಗ್ರೇಟಿಂಗ್ ಫೈಬರಿನೊಳಗೇ ಇದ್ದರೆ ಅದೇ ಕನ್ನಡಿ. ಹೊರಗಿನ ಕನ್ನಡಿ ಬೇಡ, ಇಡೀ ಲೇಸರ್ ಫೈಬರ್ ಒಳಗೇ ಕೂರುತ್ತದೆ. 2.8 ಮೈಕ್ರಾನ್ ಹತ್ತಿರ ನೀರು ಚೆನ್ನಾಗಿ ಹೀರುತ್ತದೆ, ನಮ್ಮ ಮೈಯಲ್ಲಿ ನೀರೇ ಜಾಸ್ತಿ, ಹಾಗಾಗಿ ಹಲ್ಲು, ಚರ್ಮದ ಚಿಕಿತ್ಸೆಗೆ ಆ ಜಾಗದ ಲೇಸರ್ ಉಪಯೋಗ. ನೇರಮಾತು ಅಣ್ಣ ಡಾಕ್ಟರು ಬೇಕು ಅಂದರಲ್ಲ, ಡಾಕ್ಟರ ಕೈಗೆ ಉಪಕರಣ ಕೊಡುವವರೂ ಬೇಕು.

ನೇರಮಾತು
ಆ ಮಾತು ಒಪ್ಪುತ್ತೇನೆ. ಮಕ್ಕಳು ವಾಪಸ್ ಬರಲ್ಲ ಅನ್ನೋ ನೋವು ಮಾತ್ರ ಹಾಗೇ ಇದೆ. ನನ್ನ ಮಗನೂ ಹೋದವನೇ.

ಕರಿಮೆಣಸು_ಅಕ್ಕ
ಒಂದು ಸಂಶಯ. ಸೆಕೆಂಡಿಗೆ ಹತ್ತು ಲಕ್ಷ ಪಲ್ಸ್ ಬಿಡುವ ಲೇಸರ್ ಇಟ್ಟರೆ ಬೇಗ ಮುಗಿಯಲ್ವಾ?

ಗಾಜಿನಹುಳ
ಅಕ್ಕ, ಇದು ನಮ್ಮ ಮಳೆ ಇದ್ದ ಹಾಗೆ. ಒಂದು ಮಳೆ ಬಂದು ಎರಡು ದಿನ ಬಿಸಿಲು ಬಿದ್ದರೆ ನೀರು ಇಂಗಿ ಹೋಗುತ್ತದೆ, ಮಣ್ಣು ಮೊದಲಿನ ಹಾಗೆ. ಕಕ್ಕಡದ ಮಳೆ ಬಿಡುವಿಲ್ಲದೆ ಹೊಯ್ದರೆ ಇಂಗೋಕೆ ಸಮಯ ಸಿಗಲ್ಲ, ಮಣ್ಣು ನೆನೆದು ನೆನೆದು ಬೇರೆಯೇ ಆಗುತ್ತದೆ. ಸೆಕೆಂಡಿಗೆ ಸಾವಿರ ಪಲ್ಸ್ ಆದರೆ ನಡುವೆ ಬಿಸಿ ಆರಿ ಹೋಗುತ್ತದೆ. ಹತ್ತು ಲಕ್ಷ ಆದರೆ ಬಿಸಿ ಸೇರುತ್ತಾ ಹೋಗಿ ಗಾಜು ಕರಗಿ ದೊಡ್ಡ ಗೆರೆ ಆಗುತ್ತದೆ. ಕೆಲವು ಗಾಜಿಗೆ ಅದೇ ಒಳ್ಳೆಯದು, ಕೆಲವಕ್ಕೆ ಹಾಳು. ಯಾವುದಕ್ಕೆ ಯಾವುದು ಅಂತ ಗಾಜನ್ನೇ ಕೇಳಬೇಕು.

ಹಟ್ಟಿಹೊಳೆ_ಹುಡುಗ
ಮಳೆ ಉದಾಹರಣೆ ನನಗೆ ಚೆನ್ನಾಗಿ ಅರ್ಥವಾಯಿತು.

ಫಿಸಿಕ್ಸ್‌ಮೇಡಂ_ವಿರಾಜಪೇಟೆ
ಅಂಕಲ್ ಗಮನಕ್ಕೆ ಇನ್ನೊಂದು. ಬೇರೆ ನಕ್ಷತ್ರಗಳ ಸುತ್ತ ಇರುವ ಗ್ರಹಗಳನ್ನು ನೇರವಾಗಿ ನೋಡೋಕೂ ಈ ಗಾಜಿನ ಗೆರೆಗಳ ಮೇಲೆ ಕೆಲಸ ನಡೀತಿದೆ. ದೂರದಿಂದ ನೋಡಿದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸೂರ್ಯ ಭೂಮಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಪ್ರಕಾಶ. 10 ಮೈಕ್ರಾನ್‌ನಲ್ಲಿ ನೋಡಿದರೆ ಆ ಅಂತರ ಸುಮಾರು ಒಂದು ಕೋಟಿ ಪಟ್ಟಿಗೆ ಇಳಿಯುತ್ತದೆ. ಎರಡು ದೂರದರ್ಶಕಗಳ ಬೆಳಕನ್ನು ಗಾಜಿನೊಳಗೆ ಕೂಡಿಸಿ ನಕ್ಷತ್ರದ ಬೆಳಕನ್ನು ಒಂದಕ್ಕೊಂದು ಅಳಿಸಿಬಿಟ್ಟರೆ ಪಕ್ಕದ ಗ್ರಹ ಉಳಿಯುತ್ತದೆ. ಆ ಕೂಡಿಸುವ ಜಾಗವನ್ನು ಇಂಥ ಗಾಜಿನಲ್ಲಿ ಲೇಸರ್‌ನಿಂದ ಬರೆಯಬಹುದು.

ಆನೆಕಾವಲು
ಆನೆಯಿಂದ ಗ್ರಹದ ತನಕ ಒಂದೇ ಬೆಳಕಾ! ಇವತ್ತು ರಾತ್ರಿ ಕಾವಲಿಗೆ ಹೋದಾಗ ಹುಡುಗರಿಗೆ ಹೇಳ್ತೀನಿ.

ಸಿದ್ದಾಪುರದ_ಮಗಳು
ಅಪ್ಪ, ನಾನೇ. ಹಾಸ್ಟೆಲ್‌ನಿಂದ ಬರೀತಿದ್ದೇನೆ. ಗೆಳತಿ ಈ ಚರ್ಚೆ ಕಳಿಸಿದಳು. ನೀವು ಹೀಗೆ ಕೇಳ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ, ಗಾಜಿನಹುಳ ಅಣ್ಣನಿಗೆ ತುಂಬಾ ಧನ್ಯವಾದ. ಗದ್ದೆ ಬದುವಿನ ಮಾತು ನನಗೂ ಹೊಳೆದಿರಲಿಲ್ಲ.

ಅವ್ವನಿಗೆ ಹೇಳಿ, ನಾನು ಕೆಲಸ ಮಾಡುವ ಗಾಜಿನಲ್ಲಿ ಆರ್ಸೆನಿಕ್ ಇಲ್ಲ. ಗ್ಯಾಲಿಯಂ, ಲ್ಯಾಂಥನಂ, ಗಂಧಕ ಸೇರಿದ್ದು. ಗಾಜಿನ ಜಾತಿಯಲ್ಲಿ ಚಾಲ್ಕೋಜೆನೈಡೇ, ಆದರೆ ಆರ್ಸೆನಿಕ್ ಗಾಜಿಗಿಂತ ತುಂಬಾ ಜಾಸ್ತಿ ಬಿಸಿ ತಾಳುತ್ತದೆ. ಸುಮಾರು 500 ಡಿಗ್ರಿ ದಾಟಿದರೂ ಗಟ್ಟಿ ಇರುತ್ತದೆ. ಕನ್ನಡಕ ಹಾಕದೆ ಲ್ಯಾಬಿಗೆ ಹೋಗಲ್ಲ ಅಂತಲೂ ಹೇಳಿ.

ಅಣ್ಣ, ಒಂದು ಕೇಳಬೇಕು. ಝಡ್‌ಬ್ಲಾನ್ ನೀರು ತಾಗಿದರೆ ಹಾಳಾಗುತ್ತದೆ ಅಂತಾರೆ. ನಮ್ಮೂರಿನ ಹವೆಗೆ ಒಂದು ತುಂಡು ತಂದು ಅಪ್ಪನಿಗೆ ತೋರಿಸೋದಾದರೆ?

ಗಾಜಿನಹುಳ
ಜೂನ್, ಜುಲೈನಲ್ಲಿ ತರಬೇಡ ತಂಗಿ. ಮೇಲ್ಮೈ ಮಂಕಾಗುತ್ತದೆ. ತಂದರೂ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕು. ನಿನ್ನ ಗ್ಯಾಲಿಯಂ ಗಾಜಿಗೆ ಅಷ್ಟು ತೊಂದರೆ ಇಲ್ಲ. ಅದನ್ನೇ ತಾ. ಕಿತ್ತಳೆ ಬಣ್ಣ ಚೆನ್ನಾಗಿರುತ್ತದೆ, ನೋಡಲೂ ಖುಷಿ.

ತೋಟದಮನೆ_ಸಿದ್ದಾಪುರ
ಎಲ್ಲರ ಉತ್ತರವನ್ನೂ ಮನೆಯವಳಿಗೆ ಎರಡು ಸಲ ಓದಿ ಹೇಳಿದೆ. ಗದ್ದೆ ಬದು, ಕಕ್ಕಡದ ಮಳೆ, ಆನೆ ಕಾಣದ ಜೀಪಿನ ಗಾಜು, ಇಷ್ಟು ನನಗೆ ಗಟ್ಟಿಯಾಗಿ ತಲೆಯಲ್ಲಿ ಕೂತಿದೆ.

ಮಗಳೇ, ಭಾನುವಾರ ಮನೆಗೆ ಬಾ. ಆ ನೆಂಟರನ್ನೂ ಊಟಕ್ಕೆ ಕರೆದಿದ್ದೇನೆ. ಈ ಸಲ ನಾನು ವಿವರಿಸ್ತೀನಿ, ನೀನು ತಪ್ಪಿದ್ದರೆ ತಿದ್ದು. ಟಾರ್ಚಿಗೆ ಹೊಸ ಸೆಲ್ ಹಾಕಿಟ್ಟಿದ್ದೇನೆ.